ಯಜಮಾನರ ಟವೆಲ್

"ಅವರ ಹೆಸರಿಗೆ ನೀನು ಹೆಬ್ಬೆಟ್ಟು ಒತ್ತಬೇಡಪ್ಪ," ಎಂದಳು ಮುದುಕಿ. "ನಮ್ಮ ಯಜಮಾನ್ರು ಹೋಗಿ ಎರಡು ತಿಂಗಳಾಯ್ತು. ಆ ಗುಡ್ಡದ ಹೊಲದಲ್ಲೇ ಮಲಗಿದ್ದಾರೆ. ಅವರ ಬದಲಿಗೆ ಬೆರಳಿಟ್ಟವನನ್ನ ಅವರು ಬಿಡಲ್ಲ."

ಗಾಳಿ ವಿದ್ಯುತ್ ಕಂಪನಿಯ ಏಜೆಂಟ್ ಹಲ್ಲು ಕಿರಿದ. ದಾಖಲೆಯಲ್ಲಿ ಹೊಲ ಇನ್ನೂ ಸತ್ತವನ ಹೆಸರಿನಲ್ಲೇ ಇತ್ತು; ಒಪ್ಪಿಗೆ ಪತ್ರಕ್ಕೆ ಬೇಕಾದದ್ದು ಒಂದು ಹೆಬ್ಬೆಟ್ಟು, ಅಷ್ಟೆ. ಒಬ್ಬರು ಬೇಡವೆಂದರೂ ಗಾಳಿಯಂತ್ರದ ಕಂಬ ನೆಡುವುದಿಲ್ಲ ಎಂದು ಕಂಪನಿಯ ಮ್ಯಾನೇಜರು ಊರವರೆದುರು ಎದೆ ಮುಟ್ಟಿಕೊಂಡು ಹೇಳಿದ್ದ. ಪಾಪ, ಊರು ನಂಬಿತ್ತು.

"ಸತ್ತವರಿಗೆ ಓಡಾಡೋದು ಕಷ್ಟ ಅಜ್ಜಿ. ನಾನೇ ಒತ್ತುತೀನಿ ಬಿಡಿ."

ಒತ್ತಿಯೇ ಬಿಟ್ಟ. ಮಸಿಯಾದ ಬೆರಳನ್ನು ಹಗ್ಗದ ಮೇಲಿದ್ದ ಹಳೆಯ ಟವೆಲ್ಲಿಗೆ ಒರೆಸಿದ. ನಾಚಿಕೆಗೆಟ್ಟವನು, ಅದು ಯಾರದೆಂದೂ ಕೇಳಲಿಲ್ಲ.

ಮುದುಕಿ ಕೂಗಾಡಲಿಲ್ಲ. ಗಂಡನ ಟವೆಲ್ಲನ್ನು ಮೆಲ್ಲಗೆ ಎಳೆದುಕೊಂಡಳು. ಮಸಿಯ ಗುರುತಿನ ಮೇಲೆ, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಗುಡ್ಡದ ಹೊಲದ ಒಂದು ಹಿಡಿ ಮಣ್ಣು ಸುರಿದು, ಏನೋ ಗೊಣಗುತ್ತ ಗಂಟು ಹಾಕಿದಳು.

"ಇನ್ಮೇಲೆ ಆ ಬೆರಳು ಅವರದು. ಊರೆದುರು ನಿಜ ಹೇಳು, ಬಿಟ್ಟುಕೊಡ್ತಾರೆ."

ಮೂರನೆಯ ದಿನ ಆಫೀಸಿನಲ್ಲಿ ಇಲಿ ಸತ್ತ ವಾಸನೆ. ಖಾನೆಗಳನ್ನೆಲ್ಲ ಜಾಲಾಡಿದರು, ಕಪಾಟು ಸರಿಸಿದರು. ವಾಸನೆ ಅವನು ಹೋದಲ್ಲೆಲ್ಲ ಹೋಯಿತು. ಬೆರಳಿನ ಮಸಿ ಸೋಪಿಗೂ ಹೋಗಲಿಲ್ಲ, ಸೀಮೆಎಣ್ಣೆಗೂ ಹೋಗಲಿಲ್ಲ. ಬೆರಳು ಊದಿ, ಹಸಿರುಗಟ್ಟಿ, ಉಗುರಿನ ಸಂದಿಯಿಂದ ಕೀವು ಜಿನುಗತೊಡಗಿತು. ಊಟಕ್ಕೆ ಕೂತಾಗ ಅನ್ನದ ಮೇಲೆ ಬಿಳಿಯದೊಂದು ಬಿತ್ತು. ಅಗುಳಲ್ಲ, ಹರಿದಾಡಿತು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು.

"ರೀ, ನಿಮ್ಮ ಕೈಯಿಂದ ಹೆಣದ ವಾಸನೆ ಬರ್ತಿದೆ."

ಊರ ಸಭೆಯ ದಿನ ನಿಜ ಹೇಳಿಬಿಡಬೇಕೆಂದೇ ಹೋದ. ಹೇಳಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಹೇಳದಿದ್ದರೆ ಬೆರಳು ಹೋಗುತ್ತದೆ. ಮುಂದಿನ ಸಾಲಿನಲ್ಲಿ ಮುದುಕಿ ಕೂತಿದ್ದಳು, ಮಡಿಲಲ್ಲಿ ಗಂಟು.

"ಇಲ್ಲಿರೋ ಹೆಬ್ಬೆಟ್ಟೆಲ್ಲಾ ಅವರವರದೇ ತಾನೆ?" ಮ್ಯಾನೇಜರು ಅವನನ್ನೇ ದಿಟ್ಟಿಸಿದ.

ಏಜೆಂಟ್ ಒಪ್ಪಿಗೆ ಪತ್ರಗಳನ್ನು ಮುಂದಕ್ಕೆ ತಳ್ಳಿದ. "ಹೌದು ಸರ್. ಅವರವರದೇ."

ಕೈ ಉರಿಯಿತು. ಚರ್ಮ ಬಿರಿಯಿತು. ಯಾರೋ ಎಳೆದರು. ಮತ್ತೆ ಎಳೆದರು. ಲೊಚಕ್ಕನೆ ಹೆಬ್ಬೆರಳು ಕಳಚಿ ಒಪ್ಪಿಗೆ ಪತ್ರದ ಮೇಲೆ ಬಿತ್ತು. ರಕ್ತವಿಲ್ಲ. ಬರೀ ಕಪ್ಪು ಮಣ್ಣು, ಮಣ್ಣಿನಲ್ಲಿ ಹುಳು. ಜನ ವಾಂತಿ ಮಾಡುತ್ತ ಬಾಗಿಲಿಗೆ ನುಗ್ಗಿದರು.

ಮ್ಯಾನೇಜರು ಮಾತ್ರ ಗಾಬರಿಯಾಗಲಿಲ್ಲ. ನೆಲದ ಮೇಲೆ ಹೊರಳಾಡುತ್ತಿದ್ದ ಏಜೆಂಟನನ್ನು ದಾಟಿ ಬಂದು, ಆ ಬೆರಳನ್ನು ಎತ್ತಿ ಇಂಕ್ ಪ್ಯಾಡಿನ ಡಬ್ಬಿಗೆ ಹಾಕಿಕೊಂಡ.

"ಇರಲಿ. ಇನ್ನೂ ಮೂವತ್ತು ಮನೆಯ ಹೆಬ್ಬೆಟ್ಟು ಬಾಕಿ ಇದೆ."

ಥೂ, ಇಂಥವನನ್ನೂ ಮನುಷ್ಯ ಅನ್ನಬೇಕು.

ಮುದುಕಿ ಎದ್ದು ಬಂದಳು. ಗಂಟು ಬಿಚ್ಚಿ, ಮಣ್ಣು ಕೊಡವಿ, ಟವೆಲ್ಲನ್ನು ಅವನ ಮುಂದೆ ಹಿಡಿದಳು.

"ಕೈ ಗಲೀಜಾಯ್ತಲ್ಲ ಸಾಹೇಬ್ರೆ. ಒರೆಸ್ಕೊಳ್ಳಿ."

ಮ್ಯಾನೇಜರು ಅವಳ ಮುಖವನ್ನೂ ನೋಡದೆ ತೆಗೆದುಕೊಂಡ. ಎರಡೂ ಕೈಗಳನ್ನು ಚೆನ್ನಾಗಿ ಉಜ್ಜಿ ಉಜ್ಜಿ ಒರೆಸಿಕೊಂಡ.