ಹಳೇ ಡಬ್ಬಿಯ ಹೊಸ ಬೇರಿಂಗ್

"ತಟ್ಟೆ ಹಿಡೀರಿ... ಇನ್ನೂ ಹತ್ರ... ಹಾಂ, ಅಲ್ಲೇ!"

ಜೀಪಿನ ಅಡಿಯಲ್ಲಿ ಅಂಗಾತ ಮಲಗಿದ್ದ ಮಹದೇವಪ್ರಸಾದ್ ಬೋಲ್ಟ್ ಬಿಚ್ಚಿದ. ಅನುಶ್ರೀ ಮಂಡಿಯೂರಿ ಹಿಡಿದಿದ್ದ ತಟ್ಟೆಗೆ ಕಪ್ಪು ಎಣ್ಣೆ ದಪ್ಪಗೆ ಸುರಿಯಿತು.

ಎಣ್ಣೆಯೊಳಗೆ ಏನೋ ಮಿನುಗಿತು. ಮದುವೆ ಮನೆಯಲ್ಲಿ ಹುಡುಗಿಯರು ಕೆನ್ನೆಗೆ ಹಚ್ಚಿಕೊಳ್ಳುವ ಮಿಂಚಿನ ಪುಡಿಯಂತೆ.

ಪ್ರಸಾದ್ ಹೊರಗೆ ತೆವಳಿ ಬಂದ. ಎಣ್ಣೆಗೆ ಬೆರಳದ್ದಿ ಬಿಸಿಲಿಗೆ ಹಿಡಿದ. ಅವನ ಮುಖ ಕಪ್ಪಿಟ್ಟಿತು.

"ಬೇರಿಂಗ್ ಹೋಗಿದೆ," ಅಂದ.

ಅನುಶ್ರೀಯ ಕೈಯಲ್ಲಿ ತಟ್ಟೆ ವಾಲಿತು. ಎಣ್ಣೆ ಅಂಚು ದಾಟಿ ಅವಳ ಚೂಡಿದಾರದ ಮೇಲೆ ಚೆಲ್ಲಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಅರ್ಧ ಗಂಟೆಯಲ್ಲಿ ಎಂಜಿನ್ನಿನ ಹೊಟ್ಟೆ ಬಿಚ್ಚಿತು. ಅರ್ಧಚಂದ್ರದಂಥ ಬೇರಿಂಗ್ ತುಂಡು ಅವನ ಅಂಗೈಯಲ್ಲಿತ್ತು. ಅದರ ಮೇಲಿನ ನುಣುಪು ಲೋಹ ಹಳೇ ಗೋಡೆಯ ಸುಣ್ಣದ ಹಾಗೆ ಉದುರಿ ಹೋಗಿತ್ತು.

"ಹನ್ನೊಂದೇ ದಿನ ಓಡಿರೋದು ಗಾಡಿ! ಒರಿಜಿನಲ್ ಬೇರಿಂಗ್ ಹಿಂಗೆ ಉದುರಲ್ಲ ಕಣ್ರೀ. ಬೇರಿಂಗ್ ಒಳಗೆ ತಿರುಗೋ ಕ್ರ್ಯಾಂಕ್ ಉಜ್ಜಿರೋ ಅಳತೇನೇ ಸರಿಯಿಲ್ಲ. ಆ ಹುಚ್ಚಯ್ಯ ಮೇಸ್ತ್ರಿದೇ ಕೆಲಸ ಇದು."

*ಇಲ್ಲ... ಹೇಳು, ಈಗಲೇ ಹೇಳಿಬಿಡು...*

ಅವಳು ಬಾಯಿ ತೆರೆಯುವ ಮೊದಲೇ ಅವನು ಫೋನ್ ಒತ್ತಿದ್ದ. ಕೈಯೆಲ್ಲ ಎಣ್ಣೆ. ಹಾಗಾಗಿ ಫೋನನ್ನು ಬಾನೆಟ್ಟಿನ ಮೇಲಿಟ್ಟು ಸ್ಪೀಕರ್ ಹಾಕಿದ. ಹ್ಯಾಂಡ್‌ಪೋಸ್ಟ್ ಊರಿನ ಅವನ ಗ್ಯಾರೇಜು ಶೆಡ್ಡಿನ ಪಕ್ಕವೇ ಟೀ ಅಂಗಡಿ. ಗ್ಲಾಸು ಹಿಡಿದ ನಾಲ್ಕೈದು ಜನ ಇತ್ತ ತಿರುಗಿದರು.

"ಮೇಸ್ತ್ರಿ, ನಿಮ್ಮ ಕಣ್ಣು ಮಂಜಾಗಿದೆ! ಅಳತೆ ಕಾಣಲ್ಲ ಅಂದ್ರೆ ಕ್ರ್ಯಾಂಕ್ ಯಾಕ್ರೀ ಮುಟ್ತೀರಿ? ನಮ್ಮವ್ವ ಓಡಿಸೋ ಗಾಡಿ ಇದು. ಇಳಿಜಾರಲ್ಲಿ ಎಂಜಿನ್ ಹಿಡ್ಕೊಂಡಿದ್ರೆ ಯಾರು ಜವಾಬ್ದಾರಿ? ಮಿಷಿನ್ ಮುಚ್ಚಿ ಮನೇಲಿ ಕೂತ್ಕೊಳ್ಳಿ!"

 ಆ ಕಡೆಯಿಂದ ಒಂದು ಮುದಿ ದನಿ ಬಂತು.

"ಇರ್ಬೌದು ಕಣಪ್ಪ... ವಯ್ಸಾಯ್ತಲ್ಲ. ಇರ್ಬೌದು."

ಫೋನ್ ಕಟ್ಟಾಯಿತು.

ಟೀ ಅಂಗಡಿಯಲ್ಲಿ ಯಾರೋ ಅಂದರು, "ಕೆ.ಆರ್. ನಗರದ ಉಚ್ಚಯ್ಯಂಗೂ ಕೈ ಬಿದ್ದೋಯ್ತೇನ್ಲಾ? ಇನ್ ಯಾರ್ತವ ಓಗೋದು ಬುಡು!"

ಅನುಶ್ರೀ ಬಾಯಿ ಬಿಡಲಿಲ್ಲ.

* * *

ಬೇರಿಂಗ್ ಕೊಟ್ಟವಳು ಅವಳೇ.

ಹುಣಸೂರಿನಲ್ಲಿ ಅವಳ ಅಪ್ಪ ಕಂಠಪ್ಪನದು ಹಳೇ ಗಾಡಿಗಳ ಬಿಡಿಭಾಗದ ಅಂಗಡಿ. ಅಪ್ಪನಿಗೆ ಮಂಡಿ ನೋವು ಬಂದ ಮೇಲೆ ಕೌಂಟರ್ ಅವಳದು. ಆರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಈ ಮಹದೇವಪ್ರಸಾದ್ ಒಳಗೆ ಬಂದು, ನ್ಯೂಸ್‌ಪೇಪರ್ ಬಿಚ್ಚಿ, ಸವೆದ ಬೇರಿಂಗ್ ಇಟ್ಟು, "ಓನರ್ ಇಲ್ವಾ?" ಎಂದಿದ್ದ.

"ನಾನೇ ಓನರ್."

"ನೀವಾ!"

"ಯಾಕೆ, ಮೀಸೆ ಇರ್ಬೇಕಿತ್ತಾ?"

ಅವನು ನಕ್ಕಿದ್ದ. ಆ ನಗುವೇ ಎಲ್ಲದಕ್ಕೂ ಮೂಲ!

ಅವನವ್ವ ಸುನಂದಮ್ಮ ಒಂದು ಕಾಲದಲ್ಲಿ ಹ್ಯಾಂಡ್‌ಪೋಸ್ಟ್‌ನಿಂದ ಸರಗೂರಿಗೆ ಇದೇ ಜೀಪಿನಲ್ಲಿ ಜನ ತುಂಬಿಕೊಂಡು ಹೋಗುತ್ತಿದ್ದರಂತೆ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೇರು ಹಾಕಿ. ಎಂಜಿನ್ ಕೆಟ್ಟು ಗಾಡಿ ಹದಿಮೂರು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. "ಅವ್ವ ಇನ್ನೊಂದು ಸಲ ಸ್ಟೇರಿಂಗ್ ಹಿಡೀಬೇಕು. ಅದಕ್ಕೆ ಡೂಪ್ಲಿಕೇಟ್ ಒಂದೂ ಹಾಕಲ್ಲ," ಎಂದಿದ್ದ.

ಅನುಶ್ರೀ ಹುಡುಕಿದಳು. ನಿಜವಾಗಿಯೂ ಹುಡುಕಿದಳು. ಬೆಂಗಳೂರಿಗೆ ಫೋನ್, ಕೊಯಮತ್ತೂರಿಗೆ ಫೋನ್, ಕಣ್ಣೂರಿನ ಒಬ್ಬ ಗುಜರಿಯವನ ಜೊತೆ ಅರೆಬರೆ ಮಲಯಾಳಂ. ಪ್ರಸಾದ್ ವಾರಕ್ಕೊಮ್ಮೆ ಬರುತ್ತಿದ್ದ. ಆಮೇಲೆ ವಾರಕ್ಕೆರಡು ಸಲ. ಬೇರಿಂಗಿನ ಮಾತು ಐದು ನಿಮಿಷ, ಉಳಿದ ಮಾತು ಒಂದು ಗಂಟೆ.

ಒಂದು ದಿನ ಅವನು ಸೋತ ದನಿಯಲ್ಲಿ ಅಂದ, "ಸಿಗಲ್ಲ ಬಿಡಿ ಅನು. ಈ ಕಡೆ ಬರೋದೇ ದಂಡ. ಮುಂದಿನ ವಾರ ಕೊಯಮತ್ತೂರಿಗೆ ಹೋಗಿ ಅಲ್ಲೇ ಎಂಜಿನ್ ಮಾಡಿಸ್ತೀನಿ."

*ಈ ಕಡೆ ಬರೋದೇ ದಂಡ.*

ಅದೇ ವಾರ ಪಾರ್ಸಲ್‌ನಲ್ಲಿ ಒಂದು ಡೂಪ್ಲಿಕೇಟ್ ಸೆಟ್ ಬಂದಿತ್ತು. ಹೆಸರಿಲ್ಲದ ಪ್ಲಾಸ್ಟಿಕ್ ಕವರ್, ಅದೇ ಸೈಜು, ಅದೇ ಹೊಳಪು.

ಅಂಗಡಿಯ ಅಟ್ಟದ ಮೇಲೆ ಅಪ್ಪ ಮೂವತ್ತು ವರ್ಷದಿಂದ ಒರಿಜಿನಲ್ ಬಿಡಿಭಾಗಗಳ ಖಾಲಿ ಡಬ್ಬಿಗಳನ್ನು ಕೂಡಿಟ್ಟಿದ್ದ. ಪಾರ್ಟ್ ನಂಬರ್ ನೋಡಿಕೊಳ್ಳಲು ಬೇಕಾಗುತ್ತದೆಂದು ಒಂದನ್ನೂ ಎಸೆಯುತ್ತಿರಲಿಲ್ಲ. ಅನುಶ್ರೀ ಏಣಿ ಹತ್ತಿದಳು. ಮಾಸಿದ ಡಬ್ಬಿಯೊಂದನ್ನು ಇಳಿಸಿದಳು. ಪ್ಲಾಸ್ಟಿಕ್ ಕವರಿನಿಂದ ಬೇರಿಂಗ್ ತೆಗೆದು ಅದರೊಳಗೆ ಜೋಡಿಸಿದಳು. ಧೂಳನ್ನು ಒರೆಸಲಿಲ್ಲ... ಹಾಗೇ ಬಿಟ್ಟಳು.

"ಒರಿಜಿನಲ್. ಹಳೇ ಸ್ಟಾಕು," ಎಂದು ಕೊಟ್ಟಾಗ ಅವನ ಕಣ್ಣು ತುಂಬಿತ್ತು. "ನೀವು ಇಲ್ಲದಿದ್ರೆ..." ಎಂದವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಆ ಒಂದು ಗಳಿಗೆಗಾಗಿ ಅವಳು ಮಾಡಿದ ಕೆಲಸ ಅದು!

* * *

ಮೇಸ್ತ್ರಿಗೆ ಫೋನ್ ಮಾಡಿ ಬೈದ ಮೇಲೆ ಎರಡು ಭಾನುವಾರ ಕಳೆದವು. ಮನೆಯಲ್ಲಿ ಮದುವೆಯ ಮಾತು ಶುರುವಾಯಿತು. ಕಂಠಪ್ಪನಿಗೆ ಇಬ್ಬರ ಪ್ರೀತಿಯ ವಿಷಯ ಗೊತ್ತಾಗಿತ್ತು, ಖುಷಿಯೂ ಆಗಿತ್ತು. "ಬರೋ ಸೋಮವಾರ ಹ್ಯಾಂಡ್‌ಪೋಸ್ಟ್‌ಗೆ ಓಗಿ ಕೇಳ್ಕೊಂಡು ಬತ್ತೀನಿ. ನಿನ್ ಮೆಕ್ಯಾನಿಕ್ಕು ನನಗೆ ಒಪ್ಪಿಗೆ ಕಣವ್ವ," ಎಂದ.

ಅವಳು ತಟ್ಟೆ ಸರಿಸಿ ಎದ್ದಳು.

ಮಂಗಳವಾರ ಬೆಳಿಗ್ಗೆ ಒಬ್ಬಳೇ ಕೆ.ಆರ್. ನಗರದ ಬಸ್ಸು ಹತ್ತಿದಳು.

ಹುಚ್ಚಯ್ಯನ ವರ್ಕ್‌ಶಾಪಿನ ಬಾಗಿಲು ತೆರೆದಿತ್ತು. ಮಿಷಿನ್ ಮೇಲೆ ಟಾರ್ಪಾಲು. ಮುದುಕ ಸ್ಟೂಲಿನ ಮೇಲೆ ಕೂತು ಒಂದು ಕಬ್ಬಿಣದ ತುಂಡನ್ನು ಮೈಕ್ರೋಮೀಟರಿನಿಂದ ಅಳೆಯುತ್ತಿದ್ದ. ಅಳೆದು, ಮತ್ತೆ ಅಳೆದು, ತಲೆ ಅಲ್ಲಾಡಿಸುತ್ತಿದ್ದ.

"ಬಾ ಕಣವ್ವ. ಕಂಠಪ್ಪನ ಮಗಳಲ್ವಾ? ಒಸಿ ಇದ್ ನೋಡಿ ಏಳು. ಎಷ್ಟೈತೆ?"

ಅವಳು ನೋಡಿ ಹೇಳಿದಳು.

"ನಾನೂ ಅಷ್ಟೇ ಅಂದ್ಕೊಂಡೆ," ಎಂದ ಹುಚ್ಚಯ್ಯ. "ಆದ್ರೂ ನಂಬ್ಕೆ ಬರಾಕಿಲ್ಲ. ನಲವತ್ತು ವರ್ಸ ಈ ಕಣ್ಣ ನಂಬ್ಕೊಂಡು ಉಣ್ಣುತಿದ್ದೆ. ಈಗ ಕನ್ನಡ್ಕ ಆಕ್ಕಂಡ್ರೂ ಅನ್ಮಾನ, ತಗುದ್ರೂ ಅನ್ಮಾನ. ನನ್ನಿಂದ ಆ ಜೀಪಿನ ಎಣ್ಮಗಳು ಇಳಿಜಾರಲ್ಲಿ... ದೇವ್ರು ದೊಡ್ಡೋನು ಬುಡು."

*ಹೇಳು ಅನು. ಇದಕ್ಕೇ ಬಂದದ್ದಲ್ವಾ...*

"ಟೀ ಕುಡೀತೀಯೇನವ್ವ?"

ಅವಳು ಟೀ ಕುಡಿದಳು. ಎದ್ದು ಬಂದಳು. 

ಅಲ್ಲಿಂದ ಮನೆಗೆ ಹೋಗಲಿಲ್ಲ. ನೇರ ಹ್ಯಾಂಡ್‌ಪೋಸ್ಟ್‌ಗೆ ಹೋದಳು. ಬ್ಯಾಗಿನಿಂದ ಆ ಹೆಸರಿಲ್ಲದ ಪ್ಲಾಸ್ಟಿಕ್ ಕವರ್ ತೆಗೆದು ಪ್ರಸಾದ್ ಮುಂದೆ ಇಟ್ಟಳು.

"ಏನಿದು?"

"ನಿಮ್ಮ ಬೇರಿಂಗ್ ಬಂದಿದ್ದು ಇದರಲ್ಲಿ. ಡಬ್ಬಿ ಮಾತ್ರ ಹಳೇದು. ನಾನೇ ಹಾಕಿದ್ದು."

ಅವನು ಮೊದಲು ನಕ್ಕ. ತಮಾಷೆ ಎಂದುಕೊಂಡ. ಆಮೇಲೆ ನಗು ನಿಂತಿತು.

"ಅವತ್ತು ನಾನು ಮೇಸ್ತ್ರಿಗೆ ಬೈತಿದ್ದಾಗ ನೀವು ಇಲ್ಲೇ ಇದ್ರಿ."

"ಇದ್ದೆ."

"ಕೇಳಿಸ್ಕೊಂಡ್ರಿ."

"ಕೇಳಿಸ್ಕೊಂಡೆ..."

"ಯಾಕೆ ಅನು?" ಅವನ ದನಿ ಒಡೆಯಿತು. "ದುಡ್ಡಿಗಾ?"

"ನೀವು ಮತ್ತೆ ಬರಲ್ಲ ಅಂದ್ರಿ. ಅದಕ್ಕೆ."

ಅವನು ಸ್ಪ್ಯಾನರ್ ಎತ್ತಿ ಮೂಲೆಗೆ ಎಸೆದ. ಅದು ತಗಡಿಗೆ ಬಡಿದು ಇಡೀ ಶೆಡ್ಡು ಝಣಗುಟ್ಟಿತು.

"ಬೇರಿಂಗ್ ಕೂರಿಸೋಕೆ ಮುಂಚೆ ಅಳೀಬೇಕು. ಉಗುರಲ್ಲಿ ಕೆರೆದು ನೋಡ್ಬೇಕು. ಪ್ರತಿ ಸಲ ಮಾಡ್ತೀನಿ. ಅವತ್ತು ಒಂದೂ ಮಾಡ್ಲಿಲ್ಲ! ಅನು ಕೊಟ್ಟಿದ್ದು ಅಂತ ಕಣ್ಣು ಮುಚ್ಕೊಂಡು ಹಾಕ್ದೆ. ನನ್ನ ಸೋಮಾರಿತನಕ್ಕೆ ಆ ಮುದುಕನ ಕಣ್ಣನ್ನ ದೂರಿದೆ..." ಅವನು ಮುಖ ತಿರುಗಿಸಿದ. "ಹೋಗ್ರಿ ಇಲ್ಲಿಂದ."

ಅವಳು ಹೋದಳು.

* * *

ನಾಲ್ಕು ದಿನ ಫೋನ್ ಇಲ್ಲ. ಅನುಶ್ರೀಯೂ ಮಾಡಲಿಲ್ಲ. ಯಾವ ಬಾಯಲ್ಲಿ ಮಾಡುವುದು?

ಗೀರು ಬಿದ್ದ ಕ್ರ್ಯಾಂಕನ್ನು ಮತ್ತೆ ಉಜ್ಜಬೇಕು. ಉಜ್ಜಿದರೆ ಸಣ್ಣದಾಗುತ್ತದೆ. ಇಪ್ಪತ್ತು ಸೈಜಿನ ಬೇರಿಂಗ್ ಇನ್ನು ಕೂರುವುದಿಲ್ಲ, ಅದಕ್ಕಿಂತ ದಪ್ಪನೆಯ ಮೂವತ್ತು ಬೇಕು. ಅದು ಇನ್ನೂ ಅಪರೂಪ.

ಅವಳು ಗಾವಡಗೆರೆಯಿಂದ ರಾವಂದೂರಿನ ತನಕ ಹಳೇ ಜೀಪು ಇಟ್ಟುಕೊಂಡ ಮನೆಗಳನ್ನೆಲ್ಲ ವಿಚಾರಿಸಿದಳು. ಪಿರಿಯಾಪಟ್ಟಣದಲ್ಲಿ ಚಲುವಯ್ಯನೆಂಬವರು ಗ್ಯಾರೇಜು ಮುಚ್ಚಿ ಎಂಟು ವರ್ಷವಾಗಿತ್ತು. ಬೀಗ ತೆಗೆಸಿ, ಮರದ ಕಪಾಟಿನ ಇಲಿಹಿಕ್ಕೆಯ ನಡುವೆ ಒಂದು ಸೆಟ್ ಹಿಡಿದಳು. ಈ ಸಲ ಡಬ್ಬಿಯನ್ನು ನೋಡಲೇ ಇಲ್ಲ. ಗ್ರೀಸ್ ಕಾಗದ ಬಿಚ್ಚಿ ಬೆನ್ನ ಮೇಲಿನ ಅಚ್ಚು ಓದಿದಳು. ದಪ್ಪ ಅಳೆದಳು. ಅಂಚನ್ನು ಉಗುರಿನಿಂದ ಕೆರೆದಳು. ಲೋಹ ಏಳಲಿಲ್ಲ.

"ಒಡವೆ ಅಂಗ್ಡೀಲೂ ಯಾರೂ ಇಂಗ್ ನೋಡಾಕಿಲ್ಲ ಕಣವ್ವ!" ಎಂದು ಚಲುವಯ್ಯ ನಕ್ಕರು.

ಅನುಶ್ರೀ ನಗಲಿಲ್ಲ. ಬೇರಿಂಗನ್ನು ಎದೆಗವಚಿಕೊಂಡು ಕೆ.ಆರ್. ನಗರಕ್ಕೆ ಹೊರಟಳು.

ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಪ್ರಸಾದ್ ಕೂತಿದ್ದ! ಪಕ್ಕದಲ್ಲಿ ಗೋಣಿಚೀಲ ಸುತ್ತಿದ ಕ್ರ್ಯಾಂಕ್. ಗಡ್ಡ ಬೆಳೆದಿತ್ತು.

"ಒಂದು ಗಂಟೆಯಿಂದ ಇಲ್ಲೇ ಕೂತಿದ್ದೀನಿ," ಎಂದ ಅವಳ ಮುಖ ನೋಡದೆ. "ಒಳಗೆ ಹೋಗೋಕೆ ಕಾಲು ಬರ್ತಿಲ್ಲ."

"ನಾನು ಮೊದಲು ಹೋಗ್ತೀನಿ," ಎಂದಳು ಅನುಶ್ರೀ.

ಹೋದಳು. ಕ್ರ್ಯಾಂಕ್ ಹೊತ್ತು ಅವನೂ ಹಿಂದೆ ಬಂದ. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಡಬ್ಬಿ, ಧೂಳು, ಫೋನಿನ ದಿನದ ತನ್ನ ಮೌನ, ಮೊನ್ನೆ ಕುಡಿದ ಟೀ... ಒಂದನ್ನೂ ಬಿಡಲಿಲ್ಲ.

ಹುಚ್ಚಯ್ಯ ಎದ್ದ. ಪ್ರಸಾದ್ ತಂದ ಗೋಣಿ ಬಿಚ್ಚಿದ. ಕ್ರ್ಯಾಂಕಿನಲ್ಲಿ ಗೀರು ಬೀಳದ ಒಂದು ಜಾಗ ಹುಡುಕಿ ಮೈಕ್ರೋಮೀಟರ್ ಹಿಡಿದ. ಓದಿದ. ಕನ್ನಡಕ ತೆಗೆದು ಮತ್ತೆ ಓದಿದ.

"ಸರ್ಯಾಗೈತೆ," ಅಂದ. "ಇಪ್ಪತ್ತಂದ್ರೆ ಇಪ್ಪತ್ತೇ. ಕೂದ್ಲೆಳೆ ಎಚ್ಚುಕಮ್ಮಿ ಇಲ್ಲ..."

ಮುದುಕನ ಬೆನ್ನು ಅವರತ್ತ ತಿರುಗಿತು. ಭುಜ ಅಲುಗುತ್ತಿತ್ತು.

ಪ್ರಸಾದ್ ಅವನ ಕಾಲಿಗೆ ಬಗ್ಗಿದ. ಹುಚ್ಚಯ್ಯ ಕಾಲು ಹಿಂದಕ್ಕೆ ತೆಗೆದುಕೊಂಡ.

"ಬ್ಯಾಡ ಕಣ್ಲಾ. ಇವತ್ತು ಕ್ಸಮ್ಸು ಅಂತ ಇಬ್ರೂ ಕೇಳ್ಬ್ಯಾಡಿ, ನನ್ ಬಾಯಿಂದ ಬರಾಕಿಲ್ಲ. ಕ್ರ್ಯಾಂಕು, ಬೇರಿಂಗು ಇಟ್ಟೋಗಿ. ಆ ಎಣ್ಮಗಳ ಗಾಡಿ ನಿಲ್ಬಾರ್ದು."

ಅವರು ಹೊರಗೆ ಬರುವಾಗ ಹಿಂದೆ ಟಾರ್ಪಾಲು ಸರಿಯುವ ಸದ್ದು ಕೇಳಿಸಿತು.

* * *

ಇಬ್ಬರೂ ಬಸ್ ಸ್ಟ್ಯಾಂಡಿನ ತನಕ ನಡೆದರು. ಹುಣಸೂರಿನ ಬಸ್ಸು ನಿಂತಿತ್ತು. ಡ್ರೈವರ್ ಇನ್ನೂ ಹತ್ತಿರಲಿಲ್ಲ.

"ಕೋಪ ಹೋಯ್ತಾ?" ಮೆಲ್ಲಗೆ ಕೇಳಿದಳು.

"ಇಲ್ಲ."

"ಹೋಗಬಾರದು. ನಾನು ಮಾಡಿದ್ದು ಅಂಥದ್ದೇ." ಅವಳು ಬ್ಯಾಗನ್ನು ಹೆಗಲಿಗೇರಿಸಿದಳು. "ಸೋಮವಾರ ಅಪ್ಪ ನಿಮ್ಮನೆಗೆ ಬರ್ತಾರೆ. ಮದುವೆ ಮಾತು ನಿಮ್ಮವ್ವನಿಗೂ ಗೊತ್ತಲ್ವಾ... ನೀವೊಂದು ಕೆಲಸ ಮಾಡಿ. ನಾನೇ ನಿಮ್ಮನ್ನ ಬೇಡ ಅಂದೆ ಅಂತ ಹೇಳಿಬಿಡಿ. ಕೆಟ್ಟ ಹೆಸರು ನನಗಿರಲಿ. ನಿಮ್ಮ ಮೇಲೆ ಒಂದು ಮಾತೂ ಬರಲ್ಲ."

ಪ್ರಸಾದ್ ನಾಲ್ಕು ದಿನದಲ್ಲಿ ಮೊದಲ ಸಲ ಅವಳನ್ನು ನೇರ ನೋಡಿದ. ಅಳೆಯುವವನಂತೆ ನೋಡಿದ.

"ಬೇಡ ಅಂತೀರಾ ನನ್ನ?"

ಅವಳ ಕಣ್ಣು ತುಂಬಿತು. "...ಇಲ್ಲ."

"ಮತ್ತೆ ಅದು ಸುಳ್ಳಲ್ವಾ?"

"ಇದೊಂದು ಸುಳ್ಳು ಹೇಳಿಬಿಡಿ ಪ್ರಸಾದ್. ನಿಮ್ಮ ಒಳ್ಳೇದಕ್ಕೆ."

"ಕೋಪ ಇನ್ನೂ ಬಹಳ ದಿನ ಇರುತ್ತೆ ಅನು. ಊಟಕ್ಕೆ ಕೂತಾಗ ನೆನಪಾಗುತ್ತೆ, ಬಡಿಸ್ತಿರೋ ನಿಮ್ಮ ಮೇಲೇ ರೇಗ್ತೀನಿ. ನೀವು ತಡ್ಕೋಬೇಕಾಗುತ್ತೆ."

"ಬಡಿಸ್ತಿರೋ..." ಅವಳು ಕಣ್ಣೊರೆಸಿಕೊಂಡು ಮತ್ತೆ ಗೋಗರೆದಳು, "ಬೇಡ, ನನ್ನ ಮಾತು ಕೇಳಿ. ನಾನೇ ಬೇಡ ಅಂದೆ ಅಂತ ಹೇಳಿ... ಪ್ಲೀಸ್!"

"ಹೇಳಲ್ಲ," ಎಂದ ಅವನು.