ಐದು ನಿಮಿಷದ ಸ್ಕ್ರೂಡ್ರೈವರ್

"ಅಮ್ಮಾ, ಈ ರೂಮಿನ ನಲ್ಲಿಗೂ ಕೆಮ್ಮು!" ಬಾತ್‌ರೂಮಿನ ಬಾಗಿಲಲ್ಲಿ ನಿಂತು ಬಟಾಣಿ ಕೂಗಿದ.

ನಲ್ಲಿ ನಿಜಕ್ಕೂ ಕೆಮ್ಮುತ್ತಿತ್ತು. ಗೊರ್ ಎಂದು ಗಾಳಿ ಬಿಟ್ಟು, ನಾಲ್ಕು ಹನಿ ಉಗುಳಿ, ಮತ್ತೆ ಸುಮ್ಮನಾಗುತ್ತಿತ್ತು. ನಿನ್ನೆ ಸಂಜೆ ಹೋಟೆಲಿಗೆ ಬಂದಾಗ ಮೊದಲು ಕೊಟ್ಟ ರೂಮಿನಲ್ಲಿ ಫ್ಯಾನು ಈಗ ಬಿದ್ದೆ, ಆಗ ಬಿದ್ದೆ ಎನ್ನುವ ಹಾಗೆ ಓಲಾಡುತ್ತಿತ್ತು. ಬದಲಾಯಿಸಿ ಕೊಟ್ಟ ಈ ರೂಮಿನಲ್ಲಿ ಟಿವಿ ಬರುವುದಿಲ್ಲ, ಕಿಟಕಿ ಮುಚ್ಚುವುದಿಲ್ಲ, ಫೋನ್ ಎತ್ತಿದರೆ ಸದ್ದೇ ಇಲ್ಲ.

ಬೇರೆ ದಿನವಾಗಿದ್ದರೆ ಕಡ್ಡಿಗೆ ನಗು ಬರುತ್ತಿತ್ತು. ಕಡ್ಡಿ ಎಂದರೆ ಬಟಾಣಿಯ ಅಕ್ಕ. ಓದುವುದು ಐದನೇ ಕ್ಲಾಸು. ಕಡ್ಡಿಯ ಹಾಗೆ ಸಣ್ಣಗಿದ್ದಾಳೆಂದು ಅಪ್ಪ ಇಟ್ಟ ಹೆಸರು ಅದು. ಐದು ವರ್ಷದ ತಮ್ಮ ಗುಂಡಗುಂಡಗೆ ಇದ್ದಾನೆಂದು ಅವನು ಬಟಾಣಿ. ಹೆಸರಿಟ್ಟ ಅಪ್ಪ ಈಗ ಇರಲಿಲ್ಲ. ಅಂತ್ಯಕ್ರಿಯೆ ಮುಗಿದು ಹತ್ತು ದಿನವಾಗಿತ್ತು.

ಆ ಹತ್ತು ದಿನವೂ ಮನೆ ತುಂಬ ಜನ. ಯಾರಾದರೊಬ್ಬರು ಅಳುತ್ತಿದ್ದರು, ಯಾರಾದರೊಬ್ಬರು ಕಡ್ಡಿಯ ತಲೆ ಸವರುತ್ತಿದ್ದರು. ನಿನ್ನೆ ಕೊನೆಯ ಚಿಕ್ಕಮ್ಮನೂ ಹೊರಟಿದ್ದರು. ಅಳುವವರು ಯಾರೂ ಇಲ್ಲದ ಮೊದಲ ಬೆಳಿಗ್ಗೆ ಇದು. ಎಲ್ಲ ಬೆಳಿಗ್ಗೆಗಳ ಹಾಗೆ ಬಟಾಣಿಗೆ ಹಲ್ಲುಜ್ಜಿಸಬೇಕು, ಅವನ ಇನ್ನೊಂದು ಸಾಕ್ಸ್ ಹುಡುಕಬೇಕು.

ಹನ್ನೊಂದು ಗಂಟೆಗೆ ಅಮ್ಮ ಅಪ್ಪನ ಆಫೀಸಿಗೆ ಹೋಗಿ ಕಾಗದಗಳಿಗೆ ಸಹಿ ಹಾಕಬೇಕಿತ್ತು. ಅಪ್ಪ ಕೆಲಸ ಮಾಡುತ್ತಿದ್ದದ್ದು ಶಾಲೆಯ ಪುಸ್ತಕಗಳ ಕಂಪನಿಯಲ್ಲಿ. ತಿಂಗಳಿಗೊಮ್ಮೆ ಮೀಟಿಂಗಿಗೆಂದು ಈ ಊರಿಗೆ ಬಂದು ಇದೇ ಹೋಟೆಲಿನಲ್ಲಿ ಉಳಿಯುತ್ತಿದ್ದ. ಈಗ ಇವರಿಗೂ ಆಫೀಸಿನವರು ಇಲ್ಲೇ ರೂಮು ಮಾಡಿದ್ದರು.

"ಕೆಳಗೆ ಹೋಗಿ ಹೇಳಿ ಬರ್ತೀನಿ," ಅಂದಳು ಅಮ್ಮ. ಈಚೆಗೆ ಅಮ್ಮನ ಮಾತು ಪಕ್ಕದ ಮನೆಯ ರೇಡಿಯೋದ ಹಾಗೆ, ಎಲ್ಲೋ ದೂರದಿಂದ ಬರುತ್ತಿತ್ತು. "ತಮ್ಮನ್ನ ನೋಡ್ಕೋ. ಯಾರು ಬಂದ್ರೂ ಬಾಗಿಲು ತೆಗೀಬೇಡ."

"ಹೂಂ."

ಅಮ್ಮ ಹೋದ ಕೂಡಲೇ ಕಡ್ಡಿ ತನ್ನ ಬ್ಯಾಗಿನಿಂದ ಪೆನ್ಸಿಲ್ ಬಾಕ್ಸ್ ತೆಗೆದಳು. ಪೆನ್ಸಿಲುಗಳ ಕೆಳಗೆ ಒಂದು ಸ್ಕ್ರೂಡ್ರೈವರ್ ಇತ್ತು. ಹಳದಿ ಹಿಡಿ, ಹಿಡಿಯ ಸುತ್ತ ಕೆಂಪು ಬಣ್ಣದ ಒಂದು ಗೆರೆ. ತುದಿ ಬೆಂಕಿಕಡ್ಡಿಗಿಂತ ತೆಳ್ಳಗೆ. ದೊಡ್ಡವರು ಅಪ್ಪನ ಬಟ್ಟೆಗಳನ್ನು ಗಂಟು ಕಟ್ಟುತ್ತಿದ್ದ ದಿನ, ಅಪ್ಪನ ಬ್ಯಾಗಿನ ಪಕ್ಕದ ಜೇಬಿನಲ್ಲಿ ಅವಳಿಗೆ ಸಿಕ್ಕಿದ್ದು. ಯಾರಿಗೂ ಹೇಳಿರಲಿಲ್ಲ. ಷರ್ಟುಗಳು ಹೋದವು. ಚಪ್ಪಲಿಯೂ ಹೋಯಿತು. ಇದೊಂದು ಮಾತ್ರ ಅವಳದು. ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಟಕ್.

ಕಡ್ಡಿ ತಲೆ ಎತ್ತಿದಳು. ಬಾತ್‌ರೂಮಿನ ಬಾಗಿಲು ಮುಚ್ಚಿತ್ತು.

"ಏ ಬಟಾಣಿ! ಲಾಕ್ ಹಾಕ್ಕೊಂಡ್ಯಾ?"

"ಬಸ್ ವಾಶ್ ಮಾಡ್ತಿದೀನಿ. ಡ್ರೈವರ್ ಬಿಟ್ಟು ಇನ್ಯಾರೂ ಒಳಗೆ ಬರೋ ಹಾಗಿಲ್ಲ."

ಅದು ಅಪ್ಪ ಕೊನೆಯ ಸಲ ಈ ಊರಿನಿಂದ ತಂದಿದ್ದ ಕೆಂಪು ಬಸ್ಸು. ಸೆಲ್ ಮುಗಿದು ನಾಲ್ಕು ದಿನವಾಗಿತ್ತು. ಬಟಾಣಿ ಅದನ್ನು ಕೈಯಲ್ಲೇ ತಳ್ಳುತ್ತ, ಬುರ್ರ್ ಎನ್ನುವ ಸದ್ದನ್ನೂ ತಾನೇ ಮಾಡುತ್ತಿದ್ದ.

ಅಷ್ಟರಲ್ಲಿ ನಲ್ಲಿಯ ಕೆಮ್ಮು ವಾಸಿಯಾಯಿತು. ಧೋ ಎಂದು ನೀರು ಬಿತ್ತು.

"ಅಕ್ಕಾ, ನೀರು ಬಂತು!" ಬಟಾಣಿ ಕುಣಿದ. ಸ್ವಲ್ಪ ಹೊತ್ತಿಗೆ, "ಅಕ್ಕಾ, ನಲ್ಲಿ ತಿರುಗಿಸಿದ್ರೂ ನಿಲ್ತಿಲ್ಲ." ಆಮೇಲೆ ಸಣ್ಣ ದನಿಯಲ್ಲಿ, "ಅಕ್ಕಾ, ಬಾಗಿಲು ತೆಗಿ."

"ನೀನೇ ಲಾಕ್ ಮಾಡಿದ್ದಲ್ವಾ? ಗುಂಡಿ ಎಳಿ!"

"ಎಳೆದೆ. ಒಳಗೇ ಹೋಗಿ ಕೂತ್ಕೊಂಡಿದೆ."

ಕಡ್ಡಿ ಹಿಡಿ ಹಿಡಿದು ತಿರುಗಿಸಿದಳು, ಭುಜ ಕೊಟ್ಟು ತಳ್ಳಿದಳು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಕಾಲ ಬೆರಳಿಗೆ ತಣ್ಣಗೆ ಏನೋ ತಾಗಿತು. ಬಾಗಿಲ ಕೆಳಗಿನಿಂದ ನೀರು ಹೊರಗೆ ಬರುತ್ತಿತ್ತು. ಒಳಗೆ ಬಟಾಣಿ ಅಳಲು ಶುರುಮಾಡಿದ.

ಆಸ್ಪತ್ರೆಯಲ್ಲೂ ಇಂಥದೇ ಒಂದು ಬಿಳಿ ಬಾಗಿಲಿತ್ತು. ಅಪ್ಪನನ್ನು ಅದರೊಳಗೆ ಕರೆದುಕೊಂಡು ಹೋದರು. ಕಡ್ಡಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಆಮೇಲೆ ಬಾಗಿಲು ತೆರೆದಾಗ ಹೊರಗೆ ಬಂದದ್ದು ಡಾಕ್ಟರ್ ಒಬ್ಬರೇ.

"ಅಮ್ಮಾ!" ಎಂದು ಕಿರುಚುತ್ತ ಅವಳು ರೂಮಿನ ಬಾಗಿಲು ತೆಗೆದಳು. ಎದುರಿಗೇ ಅಮ್ಮ ಬರುತ್ತಿದ್ದಳು, ಹಿಂದೆ ಹೋಟೆಲಿನ ರಿಪೇರಿಯವರು. ನರೆತ ಮೀಸೆ, ಕೈಯಲ್ಲಿ ಕಬ್ಬಿಣದ ಪೆಟ್ಟಿಗೆ.

"ಬಟಾಣಿ ಒಳಗೆ ಸಿಕ್ಕಾಕ್ಕೊಂಡಿದಾನೆ! ನೀರು ತುಂಬ್ತಿದೆ!"

ರಿಪೇರಿಯವರು ಪೆಟ್ಟಿಗೆ ಇಟ್ಟು ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತರು. ಹಿಡಿಯ ನಡುವೆ ಒಂದು ಸಣ್ಣ ತೂತಿತ್ತು. ಒಂದೊಂದಾಗಿ ಮೂರು ಸ್ಕ್ರೂಡ್ರೈವರ್ ತೂರಿಸಿ ನೋಡಿದರು. ಒಂದೂ ಹೋಗಲಿಲ್ಲ.

"ಇವೆಲ್ಲಾ ಓಬೀರಾಯನ ಕಾಲದ ಬೀಗ ಮೇಡಂ. ತೂತಿನೊಳಗೆ ತಳ್ಳಿ ತಿರುಗಿಸಿದ್ರೆ ತೆಗೆಯುತ್ತೆ. ಅದಕ್ಕೇ ಅಂತ ಒಂದು ಸ್ಕ್ರೂಡ್ರೈವರ್ ತುದಿ ತೇಯ್ದು ತೇಯ್ದು ತೆಳ್ಳಗೆ ಮಾಡಿಟ್ಕೊಂಡಿದ್ದೆ, ಕೆಂಪು ಗೆರೆ ಹಾಕಿ. ಹೋದ ತಿಂಗಳು ಇಲ್ಲಿದ್ದ ಗೆಸ್ಟ್ ಒಬ್ರು 'ಐದೇ ನಿಮಿಷ ಕೊಡಿ' ಅಂತ ಇಸ್ಕೊಂಡು ಟೋಪಿ ಹಾಕಿ ಹೋದ್ರು."

ಒಳಗೆ ಬಟಾಣಿಯ ಅಳು ನಿಂತಿತು. "ಯಾವ ಕಲರ್ ಟೋಪಿ ಅಂಕಲ್?"

"ನೋಡಪ್ಪಾ, ಇಂಥಾ ಹೊತ್ತಲ್ಲೂ!" ರಿಪೇರಿಯವರು ಮೀಸೆಯೊಳಗೆ ನಕ್ಕರು. "ಟೋಪಿ ಅಂದ್ರೆ ಮೋಸ ಕಣೋ ಮರಿ. ಮಗನಿಗೆ ಅಂತ ಆಟದ ಬಸ್ ತಂದಿದ್ರು. ಸೆಲ್ ಹಾಕಿ ಓಡುತ್ತಾ ನೋಡ್ಬೇಕು, ಸ್ಕ್ರೂ ತೀರಾ ಸಣ್ಣದು ಅಂದ್ರು. ಮಾತೇನೋ ಬೆಣ್ಣೆ ಥರ ಇತ್ತು."

ಅಮ್ಮ ಗೋಡೆ ಹಿಡಿದುಕೊಂಡಳು. ಕಡ್ಡಿ ಪೆನ್ಸಿಲ್ ಬಾಕ್ಸನ್ನು ಎದೆಗೆ ಅವಚಿಕೊಂಡಳು.

"ನೀರಿನ ವಾಲ್ವ್ ಕೂಡ ಒಳಗಡೇನೇ ಇದೆ. ಬಾಗಿಲು ಒಡೀಬೇಕಷ್ಟೆ," ಅಂದರು ರಿಪೇರಿಯವರು. "ಪುಟ್ಟಾ, ಹಿಂದೆ ಸರಿ."

"ಊಹೂಂ. ಹಿಂದೆ ನೀರಿದೆ. ಜಾರುತ್ತೆ. ನಾನು ಬಾಗಿಲು ಹಿಡ್ಕೊಂಡಿದೀನಿ."

"ಮಗು ಹಿಂಗೆ ಬಾಗಿಲಿಗೇ ಅಂಟ್ಕೊಂಡಿದ್ರೆ ಹೆಂಗೆ ಒಡೀಲಿ?"

ಆಗ ಅಮ್ಮ ನೀರಿನಲ್ಲೇ ಮಂಡಿಯೂರಿ ಕೂತಳು. ಬಾಗಿಲಿಗೆ ಬಾಯಿ ಇಟ್ಟು, "ಬಟಾಣಿ, ಅಮ್ಮ ಇಲ್ಲೇ ಇದೀನಿ ಕಣೋ. ನಿನ್ನ ಬಸ್ಸು ಯಾವ ಸ್ಟಾಪಲ್ಲಿದೆ ಹೇಳು?" ಅಂದಳು. ಹತ್ತು ದಿನದಲ್ಲಿ ಮೊದಲ ಸಲ ಅವಳ ದನಿ ಹತ್ತಿರದಿಂದ ಕೇಳಿತು.

ಕಡ್ಡಿಯ ಬೆರಳುಗಳು ಬಾಕ್ಸಿನ ಮುಚ್ಚಳದ ಮೇಲಿದ್ದವು. ತೆಗೆದರೆ ಅದು ಮತ್ತೆ ಅವಳ ಕೈಗೆ ಬರುವುದಿಲ್ಲ. ತೆಗೆದರೆ, ಟೋಪಿ ಹಾಕಿದವರು ಯಾರು ಎಂದು ರಿಪೇರಿಯವರಿಗೂ ಗೊತ್ತಾಗುತ್ತದೆ.

"ಅಕ್ಕಾ..." ಒಳಗಿನಿಂದ ಬಟಾಣಿ ಮುಸುಗುಟ್ಟಿದ. "ಅಕ್ಕ ಎಲ್ಲಿ?"

ಕಡ್ಡಿ ಮುಚ್ಚಳ ತೆಗೆದಳು. ಪೆನ್ಸಿಲುಗಳೆಲ್ಲ ಚೆಲ್ಲಿಹೋದವು. "ತಗೊಳಿ ಅಂಕಲ್."

ಕೆಂಪು ಗೆರೆ ನೋಡಿ ರಿಪೇರಿಯವರ ಕಣ್ಣು ಅಗಲವಾಯಿತು. ತುದಿ ತೂತಿನೊಳಗೆ ಸಲೀಸಾಗಿ ಹೋಯಿತು. ಅರ್ಧ ಸುತ್ತು. ಟಕ್.

ಬಟಾಣಿ ತೊಪ್ಪೆಯಾಗಿ ಅಮ್ಮನ ಮೇಲೆ ಬಿದ್ದ. ಬಸ್ಸು ಮಾತ್ರ ಫಳಫಳ ಹೊಳೆಯುತ್ತಿತ್ತು. ಅಮ್ಮ ಅವನನ್ನು ಅಪ್ಪಿಕೊಂಡು ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು. ಈ ಹತ್ತು ದಿನ ಎಲ್ಲರೂ ಅಳುವಾಗ ಅಳದೆ ಕೂತಿದ್ದವಳು ಅಮ್ಮ ಒಬ್ಬಳೇ.

ರಿಪೇರಿಯವರು ವಾಲ್ವ್ ಮುಚ್ಚಿ ಬಂದರು. ಬಸ್ಸನ್ನು ನೋಡಿದರು, ಕಡ್ಡಿಯನ್ನು ನೋಡಿದರು.

"ನಿಮ್ಮಪ್ಪನಾ ಅವರು?"

ಕಡ್ಡಿ ಹೌದೆಂದು ತಲೆಯಾಡಿಸಿದಳು. "ಅಪ್ಪ ಟೋಪಿ ಹಾಕಿಲ್ಲ ಅಂಕಲ್. ಮರೆತಿದ್ರು ಅಷ್ಟೆ. ಮುಂದಿನ ಸಲ ಬಂದಾಗ ಕೊಡ್ತಿದ್ರು."

"ಈ ಸಲ ಬಂದಿಲ್ವಾ?"

ಕಡ್ಡಿ ಅಮ್ಮನ ಕಡೆ ನೋಡಿದಳು. ಅಮ್ಮ ಕಣ್ಣೊರೆಸಿಕೊಂಡು, "ತೀರ್ಕೊಂಡ್ರು," ಅಂದಳು. ಆ ಮಾತನ್ನು ಅಮ್ಮನ ಬಾಯಿಂದ ಕಡ್ಡಿ ಕೇಳಿದ್ದು ಇದೇ ಮೊದಲು.

ರಿಪೇರಿಯವರು ಸ್ಕ್ರೂಡ್ರೈವರನ್ನು ತಮ್ಮ ಷರ್ಟಿಗೆ ಉಜ್ಜಿ ಒರೆಸಿದರು. ಆಮೇಲೆ ಕಡ್ಡಿಯ ಕಡೆ ಚಾಚಿದರು. "ನೀನೇ ಇಟ್ಕೋ ಮರಿ. ನಾನು ಇನ್ನೊಂದು ತೇಯ್ಕೋತೀನಿ."

ಕಡ್ಡಿ ತೆಗೆದುಕೊಂಡಳು. ಹಿಡಿ ಇನ್ನೂ ಬೆಚ್ಚಗಿತ್ತು. ಬಟಾಣಿಯ ಬಸ್ಸನ್ನು ನೋಡಿದಳು. ತಳದಲ್ಲಿ, ಸೆಲ್ ಹಾಕುವ ಮುಚ್ಚಳಕ್ಕೆ ಸಾಸಿವೆಯಷ್ಟು ಸಣ್ಣ ಒಂದು ಸ್ಕ್ರೂ.

"ಬೇಡ ಅಂಕಲ್," ಅಂದಳು. "ಐದೇ ನಿಮಿಷ ಕೊಡಿ."

ರಿಪೇರಿಯವರು ಪೆಟ್ಟಿಗೆ ಎತ್ತಿಕೊಂಡರು. "ಆಯ್ತು. ಮೆಟ್ಟಿಲ ಕೆಳಗಿನ ರೂಮಲ್ಲಿರ್ತೀನಿ. ಟಿವಿ ರಿಮೋಟಲ್ಲಿ ಸೆಲ್ ಇದೆ, ತಗೋ. ಟಿವಿ ಹೆಂಗೂ ಬರಲ್ಲ."

ಕಡ್ಡಿ ಬಸ್ಸನ್ನು ಟವೆಲಿನಲ್ಲಿ ಒರೆಸಿ ಮಂಚದ ಮೇಲೆ ಬೋರಲು ಹಾಕಿದಳು. ಸ್ಕ್ರೂ ತಿರುಗಿತು. ಹಳೆಯ ಸೆಲ್ ತೆಗೆದು ರಿಮೋಟಿನದು ಹಾಕುವಾಗ ಅವಳಿಗೆ ಅಪ್ಪ ಕಂಡ. ಇಂಥದೇ ಒಂದು ಮಂಚದ ಅಂಚಿನಲ್ಲಿ, ಕನ್ನಡಕವನ್ನು ಹಣೆಗೇರಿಸಿ, ನಾಲಿಗೆ ಕಚ್ಚಿಕೊಂಡು, ಸಾಸಿವೆಯಷ್ಟು ಸ್ಕ್ರೂ ಜೊತೆ ಗುದ್ದಾಡುತ್ತಿದ್ದ. ಬಸ್ಸು ಓಡಿದ ಖುಷಿಯಲ್ಲಿ ಎಲ್ಲವನ್ನೂ ಬ್ಯಾಗಿಗೆ ತುರುಕಿರಬೇಕು.

ಗುರ್ರ್ ಎಂದು ಬಸ್ಸು ಒದ್ದೆ ನೆಲದ ಮೇಲೆ ಹೊರಟಿತು. "ರೈಟ್ ರೈಟ್!" ಎಂದು ಬಟಾಣಿ ಅದರ ಹಿಂದೆ ಓಡಿದ. ಅಮ್ಮ ಬಸ್ಸಿಗೆ ದಾರಿ ಬಿಟ್ಟು ಕಾಲು ಮೇಲೆತ್ತಿಕೊಂಡಳು.

ಕಡ್ಡಿ ಮೆಟ್ಟಿಲಿಳಿದು ಓಡಿದಳು. ರಿಪೇರಿಯವರ ರೂಮಿನ ಗೋಡೆಗೆ ಒಂದು ದೊಡ್ಡ ಹಲಗೆ ಹೊಡೆದಿತ್ತು. ಅದರ ಮೇಲೆ ಸುತ್ತಿಗೆ, ಇಕ್ಕಳ, ಸ್ಪ್ಯಾನರುಗಳು. ಒಂದೊಂದರ ಸುತ್ತಲೂ ಅದರದೇ ಆಕಾರಕ್ಕೆ ಬಳಪದಲ್ಲಿ ಗೆರೆ ಎಳೆದಿತ್ತು. ಒಂದು ಗೆರೆಯೊಳಗೆ ಮಾತ್ರ ಬರೀ ಮೊಳೆ.

ಕಡ್ಡಿ ತುದಿಗಾಲಿನಲ್ಲಿ ನಿಂತು ಸ್ಕ್ರೂಡ್ರೈವರನ್ನು ಅಲ್ಲಿ ತೂಗುಹಾಕಿದಳು. ಗೆರೆಯೊಳಗೆ ಅದು ಸರಿಯಾಗಿ ಕೂತಿತು.

"ಲೇಟಾಯ್ತಾ ಅಂಕಲ್?"

ರಿಪೇರಿಯವರು ಗಡಿಯಾರ ನೋಡಿದರು. "ಇಲ್ಲ ಮರಿ. ಇನ್ನೂ ಒಂದು ನಿಮಿಷ ಇದೆ."

ಕಡ್ಡಿ ಆ ಒಂದು ನಿಮಿಷ ಅಲ್ಲೇ ನಿಂತು ಅದನ್ನು ನೋಡಿದಳು. ಆಮೇಲೆ ಮೆಟ್ಟಿಲು ಹತ್ತಿದಳು.