ಹೊಸ ಸೈಕಲಿನ ಬಿಸಿ ಸೀಟು

ನೀವು ನಂಬದಿದ್ದರೂ ಬೇಸರವಿಲ್ಲ, ನನ್ನ ಹೆಂಡತಿಯೇ ನಂಬಲಿಲ್ಲ. ಎರಡು ಸಾವಿರದ ಆರರ ಮಳೆಗಾಲ. ಬೆಳುವಾಯಿಯ ಗುಡ್ಡಗಳನ್ನೆಲ್ಲ ಹತ್ತಿದ ನನ್ನ ಹಳೆಯ ಸೈಕಲಿನ ಫ್ರೇಮ್ ಮುರಿದಿತ್ತು. ಗುಜರಿಯವನು ಅದನ್ನು ನನ್ನ ಕಣ್ಣೆದುರೇ ತುಂಡು ಮಾಡಿದ.

ನನಗೆ ಬೇಕಾದ್ದು ಅಂಥದ್ದೇ ಸ್ಟೀಲಿನ ಸೈಕಲ್, ಗೇರ್ ಇರುವಂಥದ್ದು, ಮುಂದೆ ಮಾತ್ರ ಶಾಕ್ ಅಬ್ಸಾರ್ಬರ್ ಇರುವಂಥದ್ದು. ಮೂಡಬಿದಿರೆಯಲ್ಲಿ ಸಿಗದೆ ಬಂಟ್ವಾಳದ ಹಮೀದಾಕನ ಸೈಕಲ್ ಅಂಗಡಿಗೆ ಹೋದೆ. ಸ್ಟೀಲೆಂದು ಹೇಳಿ ಅಲ್ಯುಮಿನಿಯಂ ದಾಟಿಸಬಾರದಲ್ಲ, ಪರೀಕ್ಷೆಗೆಂದು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡಿದ್ದೆ. ಹಮೀದಾಕ ತೋರಿಸಿದ ಸೈಕಲಿಗೆ ಅದೇನೋ ಅಂಟಿತು. ಆದರೆ ಸೀಟು ಬೆಚ್ಚಗಿತ್ತು, ಯಾರೋ ಈಗಷ್ಟೇ ಇಳಿದು ಹೋದ ಹಾಗೆ. ಓಡಿಸಿದರೆ ಎಡಕ್ಕೆ ಎಳೆಯಿತು, ಹಳೆಯದರಂತೆಯೇ.

"ಹೊಸತು ಮಾಸ್ಟ್ರೇ, ಎಳೆಯುವುದೆಂತ?" ಎನ್ನುತ್ತಾ ಹಮೀದಾಕ ಇನ್ನೊಂದು ಕೊಟ್ಟರು. ಅದೂ ಬೆಚ್ಚಗೆ, ಅದೂ ಎಡಕ್ಕೆ. ಫ್ರೇಮಿನ ಅಡಿಯಲ್ಲಿ ಬೆರಳಾಡಿಸಿದೆ. ಹಳೆಯದರಲ್ಲಿ ವೆಲ್ಡಿಂಗಿನ ಗಂಟು ಇದ್ದ ಜಾಗದಲ್ಲೇ, ಹೊಸ ಬಣ್ಣದ ಕೆಳಗೆ, ಅದೇ ಗಂಟು. ನನಗೆ ತಲೆ ಕೆಟ್ಟುಹೋಯಿತು.

"ಬಿಚ್ಚದ ಪೆಟ್ಟಿಗೆ ತನ್ನಿ. ನಾನು ಮುಟ್ಟುವುದಿಲ್ಲ, ನೀವೇ ನೋಡಿ," ಎಂದೆ.

ಹಮೀದಾಕ ನಗುತ್ತಲೇ ರಟ್ಟಿನ ಪೆಟ್ಟಿಗೆ ಕೊಯ್ದರು. ಸೀಟಿನ ಪ್ಲಾಸ್ಟಿಕ್ ಹರಿದು ಅಂಗೈ ಇಟ್ಟರು. ನಗು ನಿಂತಿತು. ಕೈಯನ್ನು ಲುಂಗಿಗೆ ಒರೆಸಿಕೊಂಡು ಸಣ್ಣ ದನಿಯಲ್ಲಿ ಕೇಳಿದರು, "ಮಾಸ್ಟ್ರೇ, ನಿಮ್ಮ ಹಳೆಯ ಸೈಕಲ್ ಮೊದಲು ಯಾರದ್ದು?"

ನನಗೆ ಗೊತ್ತಿರಲಿಲ್ಲ. ಅದನ್ನು ಫರಂಗಿಪೇಟೆಯ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಆ ದಿನವೂ ಸೀಟು ಬೆಚ್ಚಗಿತ್ತು. ಬಿಸಿಲಿಗೆ ಕಾದದ್ದೆಂದು ತಿಳಿದಿದ್ದೆ.